ಅರಮನೆಯಿಂದ ಕಟ್ಟಿಗೆಯ ಹೊರೆಗೆ: ಶರಣ ಮೋಳಿಗೆಯ ಮಾರಯ್ಯನವರು ಕಲ್ಯಾಣದಲ್ಲಿ ನೆಲೆಗೊಂಡ ಬಗೆ

೧೨ನೆಯ ಶತಮಾನದ ಕಲ್ಯಾಣವು ಬಂದವರ ಊರು. ವಿಶ್ವಗುರು ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲಿ, ಬೆಳೆದದ್ದು ಕೂಡಲಸಂಗಮದಲ್ಲಿ. ಅಲ್ಲಿಂದ ಮಂಗಳವಾಡಕ್ಕೆ ಬಂದು ಅನಂತರ ಕಲ್ಯಾಣದಲ್ಲಿ ನೆಲೆಸಿದರು. ಅಲ್ಲಮಪ್ರಭುದೇವರು ಬಳ್ಳಿಗಾವೆಯವರು, ಅಕ್ಕಮಹಾದೇವಿಯವರು ಉಡುತಡಿಯವರು, ಸಿದ್ಧರಾಮೇಶ್ವರರು ಸೊನ್ನಲಿಗೆಯವರು, ಮಡಿವಾಳ ಮಾಚಿದೇವರು ಹಿಪ್ಪರಗಿಯವರು. ಆಯ್ದಕ್ಕಿ ಮಾರಯ್ಯನವರೂ ಲಕ್ಕಮ್ಮನವರೂ ಅಮರೇಶ್ವರದ ಕಡೆಯಿಂದ ಬಂದವರು. ಹೀಗೆ ತಮ್ಮ ತಮ್ಮ ಊರು, ಬಂಧುಬಳಗ, ಹಳೆಯ ಬದುಕು ಎಲ್ಲವನ್ನೂ ಹಿಂದೆ ಬಿಟ್ಟು ಬಂದವರೇ ಸೇರಿ ಅನುಭವ ಮಂಟಪವನ್ನು ಬೆಳಗಿದರು.

ಇವರೆಲ್ಲರಲ್ಲಿ ಅತ್ಯಂತ ದೂರದಿಂದ ಬಂದವರು, ಅತ್ಯಂತ ಎತ್ತರದಿಂದ ಇಳಿದು ಬಂದವರು ಯಾರೆಂದು ಕೇಳಿದರೆ ಶರಣ ಪರಂಪರೆಯು ಮೋಳಿಗೆಯ ಮಾರಯ್ಯನವರ ಹೆಸರನ್ನು ಹೇಳುತ್ತದೆ. ಅವರು ಬಂದದ್ದು ಕಾಶ್ಮೀರದಿಂದ. ಬಿಟ್ಟು ಬಂದದ್ದು ರಾಜಪದವಿಯನ್ನು. ಎಳೆಯ ಹರೆಯದಲ್ಲಿ ವೈರಾಗ್ಯ ತಾಳಿ ಹೊರಟವರಲ್ಲ ಅವರು. ಸಂಸಾರ ನಡೆಸಿ, ರಾಜ್ಯವಾಳಿ, ಮಗನಿಗೆ ಪಟ್ಟ ಕಟ್ಟುವ ವಯಸ್ಸಿಗೆ ಬಂದ ಮೇಲೆ ಪತ್ನಿಯೊಡನೆ ಹೊರಟರು. ನಡುವಯಸ್ಸಿನಲ್ಲಿ ಬೇರು ಕಿತ್ತು ಬೇರೊಂದು ಮಣ್ಣಿನಲ್ಲಿ ನೆಟ್ಟುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಹಾಗೆ ಮಾಡಿದವರೇ ಬಲ್ಲರು. ಆದ್ದರಿಂದ ಮಾರಯ್ಯನವರ ಚರಿತ್ರೆಯನ್ನು ತ್ಯಾಗದ ಕಥೆಯಾಗಿ ಓದುವುದರ ಜೊತೆಗೆ, ಹೊಸ ಸಮಾಜದಲ್ಲಿ ಮನುಷ್ಯನೊಬ್ಬ ನೆಲೆಗೊಂಡ ಕಥೆಯಾಗಿಯೂ ನಾವು ಓದಬೇಕಾಗಿದೆ.

ಪೂರ್ವಾಶ್ರಮ

ಮಾರಯ್ಯನವರ ಪೂರ್ವಾಶ್ರಮದ ವೃತ್ತಾಂತವು ನಮಗೆ ದೊರೆಯುವುದು ವೀರಶೈವ ಕಾವ್ಯ ಪುರಾಣಗಳಿಂದ ಮತ್ತು ಜನಮನದಲ್ಲಿ ಉಳಿದುಬಂದ ಕಥನಗಳಿಂದ. ಅವುಗಳ ಪ್ರಕಾರ ಅವರ ಮೊದಲ ಹೆಸರು ಮಹಾದೇವ ಭೂಪಾಲ. ಕಾಶ್ಮೀರದ ಮಾಂಡವ್ಯಪುರದ ಅರಸು. ಪಟ್ಟದ ರಾಣಿ ಗಂಗಾದೇವಿ. ಅರಸರ ಸೋದರಿ ನಿಜದೇವಿ. ಮುಂದೆ ಗಂಗಾದೇವಿಯವರು ಮೋಳಿಗೆಯ ಮಹಾದೇವಿಯೆಂದೂ, ನಿಜದೇವಿಯವರು ಬೊಂತಾದೇವಿಯೆಂದೂ ಶರಣ ಸಂಕುಲದಲ್ಲಿ ಹೆಸರಾದರು. ಮೂವರೂ ವಚನಗಳನ್ನು ಬರೆದವರು.

ಕಾಶ್ಮೀರವು ಶಿವಭಕ್ತಿಗೆ ಹೊಸ ನೆಲವೇನಲ್ಲ. ಸೋಮಾನಂದ, ಉತ್ಪಲದೇವ, ಅಭಿನವಗುಪ್ತ ಮೊದಲಾದ ಆಚಾರ್ಯರು ಶೈವ ದರ್ಶನವನ್ನು ಬೆಳೆಸಿದ ನಾಡು ಅದು. ಮಹಾದೇವ ಭೂಪಾಲರೂ ಶಿವಭಕ್ತರಾಗಿ, ಜಂಗಮ ದಾಸೋಹ ಮಾಡುತ್ತ ರಾಜ್ಯವಾಳುತ್ತಿದ್ದರು. ಆ ಕಾಲಕ್ಕೆ ದಕ್ಷಿಣದ ಕಲ್ಯಾಣದಿಂದ ಒಂದು ಸುದ್ದಿ ಹಬ್ಬಿತು. ಅಲ್ಲಿ ಬಸವಣ್ಣನೆಂಬ ಮಹಾನುಭಾವನಿದ್ದಾನೆ, ಅವನ ಮಹಾಮನೆಯಲ್ಲಿ ಜಾತಿಯನ್ನು ಕೇಳದೆ ಬಂದವರೆಲ್ಲರಿಗೂ ದಾಸೋಹ ನಡೆಯುತ್ತದೆ, ಅಲ್ಲಿ ದುಡಿದು ತಿನ್ನುವವನೇ ದೊಡ್ಡವನು ಎಂಬ ಸುದ್ದಿ. ಕಾಶ್ಮೀರದ ಜಂಗಮರು ಒಬ್ಬೊಬ್ಬರಾಗಿ ಕಲ್ಯಾಣದ ದಾರಿ ಹಿಡಿದರು. ಅರಮನೆಯ ದಾಸೋಹವನ್ನು ಬಿಟ್ಟು ಅಷ್ಟು ದೂರ ಹೋಗುವಂಥದು ಅಲ್ಲೇನಿದೆ ಎಂಬ ಪ್ರಶ್ನೆ ಅರಸರನ್ನು ಕಾಡಿತು.

ಆ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ನಿಷ್ಠುರವಾದದ್ದು. ಅರಸನ ದಾಸೋಹವು ಭಂಡಾರದ ಹೊನ್ನಿನಿಂದ ನಡೆಯುವುದು. ಆ ಹೊನ್ನು ಪ್ರಜೆಗಳ ಬೆವರು. ತನ್ನ ಬೆವರಿಲ್ಲದ ದಾನವು ದಾಸೋಹವೆನಿಸೀತೆ? ಈ ಅರಿವು ಮೂಡಿದ ಮೇಲೆ ಅರಸರಿಗೆ ಸಿಂಹಾಸನವು ಹಿತವಾಗಲಿಲ್ಲ. ರಾಜ್ಯವನ್ನು ಮಗನಿಗೆ ಒಪ್ಪಿಸಿ, ರಾಣಿಯೊಡನೆ ಹೊರಟರು.

ಕಾಶ್ಮೀರದಿಂದ ಕಲ್ಯಾಣಕ್ಕೆ

ಕಾಶ್ಮೀರದಿಂದ ಕಲ್ಯಾಣಕ್ಕೆ ನೇರ ರೇಖೆ ಎಳೆದರೂ ಸುಮಾರು ೧೮೦೦ ಕಿಲೋಮೀಟರ್ ದೂರ. ಬೆಟ್ಟ, ನದಿ, ಅಡವಿಗಳನ್ನು ಬಳಸಿ ನಡೆಯುವವರಿಗೆ ಅದು ಇನ್ನೂ ಬಹಳ. ಆದರೂ ಆ ದಾರಿ ಜನರು ತುಳಿಯದ ದಾರಿಯಾಗಿರಲಿಲ್ಲ. ಕಾಶ್ಮೀರದ ಕವಿ ಬಿಲ್ಹಣನು ೧೧ನೆಯ ಶತಮಾನದಲ್ಲಿ ಊರು ಬಿಟ್ಟು ಹೊರಟು, ಹಲವು ರಾಜ್ಯಗಳನ್ನು ಸುತ್ತಿ, ಕೊನೆಗೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ನೆಲೆನಿಂತನು. ಆ ಚಕ್ರವರ್ತಿಯ ಚರಿತ್ರೆಯನ್ನು ವಿಕ್ರಮಾಂಕದೇವಚರಿತವೆಂಬ ಸಂಸ್ಕೃತ ಕಾವ್ಯವಾಗಿ ಬರೆದನು. ಕಾಶ್ಮೀರದ ರಾಜ ಹರ್ಷನು ಕರ್ಣಾಟದ ಮಾದರಿಯ ನಾಣ್ಯವನ್ನು ತನ್ನ ರಾಜ್ಯದಲ್ಲಿ ಚಲಾವಣೆಗೆ ತಂದನೆಂದು ಕಲ್ಹಣನ ರಾಜತರಂಗಿಣಿ ಹೇಳುತ್ತದೆ. ಎರಡು ನಾಡುಗಳ ನಡುವೆ ಮಾತು, ವಿದ್ಯೆ, ವ್ಯಾಪಾರ ಹರಿಯುತ್ತಿದ್ದವು.

ಬಿಲ್ಹಣನ ಆಗಮನಕ್ಕೂ ಮಾರಯ್ಯನವರ ಆಗಮನಕ್ಕೂ ಇರುವ ಅಂತರವು ಮನನ ಯೋಗ್ಯವಾದುದು. ಬಿಲ್ಹಣನು ತನ್ನ ವಿದ್ಯೆಯನ್ನು ಮುಂದಿಟ್ಟು ಅರಮನೆಯ ಬಾಗಿಲಿಗೆ ಹೋದನು. ಪಂಡಿತನಾಗಿದ್ದವನು ಇಲ್ಲಿಯೂ ಪಂಡಿತನೇ ಆದನು. ಅದು ತಪ್ಪಲ್ಲ, ಲೋಕದ ರೂಢಿ. ಮಾರಯ್ಯನವರ ಮುಂದೆಯೂ ಆ ದಾರಿ ತೆರೆದೇ ಇತ್ತು. ಕಾಶ್ಮೀರದ ಅರಸನೆಂದು ಹೇಳಿಕೊಂಡಿದ್ದರೆ ಬಿಜ್ಜಳನ ಓಲಗದಲ್ಲಿ ಗೌರವದ ಆಸನವೊಂದು ಸಿಗುತ್ತಿತ್ತು. ಬಸವಣ್ಣನವರ ಬಳಿ ಹೋಗಿದ್ದರೆ ಮಹಾಮನೆಯಲ್ಲಿ ಆದರದ ಆತಿಥ್ಯ ದೊರೆಯುತ್ತಿತ್ತು. ಅವರು ಎರಡನ್ನೂ ಬಯಸಲಿಲ್ಲ. ಯಾರಿಗೂ ತಮ್ಮ ಪೂರ್ವವನ್ನು ಹೇಳದೆ, ಊರಿನ ಹೊರಗಣ ಕಾಡಿಗೆ ಕೊಡಲಿ ಹಿಡಿದು ಹೋದರು. ಕಟ್ಟಿಗೆ ಕಡಿದರು, ಹೊರೆ ಕಟ್ಟಿದರು, ತಲೆಯ ಮೇಲೆ ಹೊತ್ತು ತಂದು ಮಾರಿದರು. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ. ಮಹಾದೇವ ಭೂಪಾಲರು ಮೋಳಿಗೆಯ ಮಾರಯ್ಯನಾದದ್ದು ಹೀಗೆ. ಹಿಂದಿನ ಹೆಸರು ವಂಶದಿಂದ ಬಂದದ್ದು, ಈ ಹೆಸರು ದುಡಿಮೆಯಿಂದ ಬಂದದ್ದು.

ಹೊರೆಯ ಪಾಠ

ಇದು ಒಂದೇ ದಿನದಲ್ಲಿ ಆದ ಮಾರ್ಪಾಡಲ್ಲ. ಆಳುಗಳು ತಂದಿತ್ತ ನೀರಿನಲ್ಲಿ ಕೈ ತೊಳೆಯುತ್ತಿದ್ದವರು ಕೊಡಲಿಯ ಕಾವು ಹಿಡಿದಾಗ ಅಂಗೈ ಬೊಬ್ಬೆಯೇಳದೆ ಇದ್ದೀತೆ? ಕಿರೀಟ ಹೊತ್ತ ತಲೆಯು ಕಟ್ಟಿಗೆಯ ಭಾರಕ್ಕೆ ಒಗ್ಗಲು ಎಷ್ಟು ದಿನ ಹಿಡಿಯಿತೋ. ಹಿಮದ ನಾಡಿನಲ್ಲಿ ಬೆಳೆದ ಮೈಗೆ ಕಲ್ಯಾಣ ಸೀಮೆಯ ಬೇಸಿಗೆ ಹೊಸದು. ಅಕ್ಕಿಯನ್ನು ಉಂಡು ಬೆಳೆದವರಿಗೆ ಜೋಳದ ನಾಡಿನ ಊಟ ಹೊಸದು. ಕೊಳ್ಳುವವರು ಆಡುವ ಕನ್ನಡ ಹೊಸದು. ಹೊರೆಗೆ ಇಷ್ಟು ಬೆಲೆಯೆಂದು ಹೇಳಿ, ಅದಕ್ಕಿಂತ ಕಡಿಮೆಗೆ ಕೇಳುವವರೊಡನೆ ಸಮಾಧಾನದಿಂದ ಮಾತಾಡುವುದು, ಆಜ್ಞೆ ಮಾಡಿ ರೂಢಿಯಿದ್ದ ನಾಲಗೆಗೆ ಇನ್ನೂ ಹೊಸದು.

ಆದರೆ ಕಾಯಕದಲ್ಲಿ ಒಂದು ಗುಣವಿದೆ. ಅದು ಪರಕೀಯನನ್ನು ಪರಕೀಯನಾಗಿ ಉಳಿಯಗೊಡುವುದಿಲ್ಲ. ದಿನವೂ ಅದೇ ಕಾಲುದಾರಿಯಲ್ಲಿ ನಡೆಯುವವನನ್ನು ಊರು ಗುರುತಿಸುತ್ತದೆ. ಒಣ ಕಟ್ಟಿಗೆಯನ್ನು ತಂದು ನ್ಯಾಯವಾದ ಬೆಲೆಗೆ ಮಾರುವವನನ್ನು ಮನೆಯೊಡತಿಯರು ನೆನಪಿಡುತ್ತಾರೆ. ಅವನು ಬಾರದ ದಿನ ಯಾಕೆ ಬರಲಿಲ್ಲವೆಂದು ಕೇಳುತ್ತಾರೆ. ಹೊಸ ಊರಿನಲ್ಲಿ ಮನುಷ್ಯನು ನೆಲೆಗೊಂಡನೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಮಾರಯ್ಯನವರನ್ನು ಕಲ್ಯಾಣದವರನ್ನಾಗಿ ಮಾಡಿದ್ದು ಯಾವ ರಾಜಮುದ್ರೆಯೂ ಅಲ್ಲ, ಆ ಕಟ್ಟಿಗೆಯ ಹೊರೆ.

ಕಾಯಕದ ಜೊತೆಗೇ ದಾಸೋಹ ನಡೆಯಿತು. ಅಂದಿನ ದುಡಿಮೆಯಿಂದ ಬಂದ ಕಾಸಿಗೆ ಅಂದಿನ ಧಾನ್ಯ. ಅದರಿಂದ ಮಹಾದೇವಿಯವರು ಅಂಬಲಿ ಕಾಯಿಸುವರು. ಬಂದ ಜಂಗಮರಿಗೆ ನೀಡಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವರು. ಸಾವಿರಾರು ಮಂದಿಗೆ ಉಣಬಡಿಸಿದ್ದ ದಂಪತಿಗಳು ಈಗ ಕೆಲವರಿಗೆ ಅಂಬಲಿ ನೀಡುತ್ತಿದ್ದರು. ಪ್ರಮಾಣ ಕಿರಿದಾಯಿತು, ಸತ್ವ ಹಿರಿದಾಯಿತು. ಹೊಸಬರಾಗಿ ಬಂದವರು ಸಾಮಾನ್ಯವಾಗಿ ಊರಿನವರು ತಮ್ಮನ್ನು ಕರೆಯಲಿ, ಆದರಿಸಲಿ ಎಂದು ಕಾಯುತ್ತಾರೆ. ಮಾರಯ್ಯ ದಂಪತಿಗಳು ಕಾಯಲಿಲ್ಲ. ತಾವೇ ಬಾಗಿಲು ತೆರೆದು ಕರೆದರು. ಬೇಡುವವನಾಗಿ ಊರನ್ನು ಹೊಗದೆ ನೀಡುವವನಾಗಿ ಹೊಕ್ಕದ್ದರಿಂದ ಅವರಿಗೆ ಕಲ್ಯಾಣವು ಪರದೇಶವಾಗಲಿಲ್ಲ.

ಬಸವಣ್ಣನವರು ಇಟ್ಟ ಹೊನ್ನು

ಮಾರಯ್ಯನವರ ಮನೆಯ ಅಂಬಲಿಯ ರುಚಿಯನ್ನು ಉಂಡ ಜಂಗಮರು ಬಸವಣ್ಣನವರ ಮುಂದೆ ಅದನ್ನು ಹೊಗಳಿದರು. ಮುಂದಿನ ಪ್ರಸಂಗವು ಶರಣರ ಚರಿತ್ರೆಯಲ್ಲಿ ಬಹು ಪ್ರಸಿದ್ಧವಾದುದು.

ಬಸವಣ್ಣನವರು ಜಂಗಮ ವೇಷದಲ್ಲಿ ಆ ಗುಡಿಸಲಿಗೆ ಬಂದರು. ಮಾರಯ್ಯನವರು ಕಾಡಿಗೆ ಹೋಗಿದ್ದರು. ಮಹಾದೇವಿಯವರು ಬಂದವರು ಯಾರೆಂದು ಅರಿಯದೆ, ಭಕ್ತಿಯಿಂದ ಅಂಬಲಿಯನ್ನು ನೀಡಿದರು. ಬಸವಣ್ಣನವರು ಸವಿದರು, ಮನೆಯ ಬಡತನವನ್ನೂ ಕಂಡರು. ಅವರ ಕರುಳು ಮಿಡಿಯಿತು. ಹೊನ್ನನ್ನು ಗುಟ್ಟಾಗಿ ಅಲ್ಲಿ ಇಟ್ಟು ಹೊರಟುಹೋದರು.

ಸಂಜೆ ಮನೆಗೆ ಬಂದ ಮಾರಯ್ಯನವರು ಹೊನ್ನನ್ನು ಕಂಡು ಹರ್ಷಿಸಲಿಲ್ಲ, ನೊಂದುಕೊಂಡರು. ಇದು ಬಸವಣ್ಣನವರ ಕೆಲಸವೆಂದು ಅವರಿಗೆ ತಿಳಿಯಿತು. ಹೊನ್ನು ಬೇಕಾಗಿದ್ದರೆ ಕಾಶ್ಮೀರದ ಭಂಡಾರವನ್ನೇ ಬಿಡುತ್ತಿರಲಿಲ್ಲವಲ್ಲ. ದುಡಿಯದೆ ಬಂದದ್ದನ್ನು ಇಟ್ಟುಕೊಂಡರೆ ಯಾವುದನ್ನು ಬಿಟ್ಟು ಬಂದರೋ ಅದೇ ಮತ್ತೆ ಮನೆಯೊಳಗೆ ಬಂದಂತಾಯಿತು. ಅವರು ಆ ಹೊನ್ನೆಲ್ಲವನ್ನೂ ಜಂಗಮರಿಗೆ ಹಂಚಿಬಿಟ್ಟರು. ಅಷ್ಟೇ ಅಲ್ಲ, ಪಾದೋದಕದ ಮಹಿಮೆಯಿಂದ ತಾವು ತಂದ ಕಟ್ಟಿಗೆಯೇ ಹೊನ್ನಾಗಿ, ಅದನ್ನೂ ಬಂದವರಿಗೆ ಕೊಟ್ಟರೆಂದು ಪುರಾಣವು ವರ್ಣಿಸುತ್ತದೆ. ಈ ವಿಷಯ ಬಸವಣ್ಣನವರಿಗೆ ತಿಳಿದಾಗ ಅವರು ಧಾವಿಸಿ ಬಂದು, ಶರಣನ ನಿಲುವನ್ನು ಅರಿಯದೆ ಬಡವನೆಂದು ಭಾವಿಸಿದ್ದಕ್ಕಾಗಿ ಕ್ಷಮೆ ಬೇಡಿದರು.

ಪವಾಡದ ಭಾಗವನ್ನು ಭಕ್ತಿಯಿಂದ ಕೇಳೋಣ. ಅದರೊಳಗಿನ ತತ್ವವನ್ನು ಬುದ್ಧಿಯಿಂದ ತಿಳಿಯೋಣ. ಕಾಯಕದಲ್ಲಿ ನಿಷ್ಠನಾದವನ ಕೈಯಲ್ಲಿ ಕಟ್ಟಿಗೆಯೂ ಹೊನ್ನೇ. ಅವನಿಗೆ ಕನಿಕರದ ಹೊನ್ನು ಭಾರ. ಹೊಸದಾಗಿ ಬಂದು ನೆಲೆಸಿದವನಿಗೆ ಮೊದಲು ಬೇಕಾದದ್ದು ಸಮಾನನೆಂಬ ಮನ್ನಣೆ. ಸಹಾಯವು ಆ ಮನ್ನಣೆಯ ನಂತರ ಬಂದರೆ ಪ್ರೀತಿಯಾಗುತ್ತದೆ, ಅದಕ್ಕೆ ಬದಲಾಗಿ ಬಂದರೆ ನೋವಾಗುತ್ತದೆ. ಮಹಾಮಂತ್ರಿಯಾಗಿದ್ದವರು ಕಟ್ಟಿಗೆ ಮಾರುವವನ ಗುಡಿಸಲಿಗೆ ಬಂದು ತಲೆಬಾಗಿದ್ದು ಬಸವಣ್ಣನವರ ದೊಡ್ಡತನ. ಅಂಥವರಿದ್ದ ಊರಾದ್ದರಿಂದಲೇ ಕಲ್ಯಾಣವು ದೂರದವರನ್ನೂ ತನ್ನವರನ್ನಾಗಿ ಮಾಡಿಕೊಂಡಿತು.

ಕನ್ನಡವೇ ಮನೆಯಾಯಿತು

ಮಾರಯ್ಯನವರ ವಚನಗಳ ಅಂಕಿತ ನಿಃಕಳಂಕ ಮಲ್ಲಿಕಾರ್ಜುನ. ಅವರ ಹೆಸರಿನಲ್ಲಿ ಇಂದು ೮೦೦ಕ್ಕೂ ಹೆಚ್ಚು ವಚನಗಳು ದೊರೆತಿವೆ. ಶರಣರಲ್ಲಿ ಅತಿ ಹೆಚ್ಚು ವಚನ ಬರೆದವರ ಸಾಲಿನಲ್ಲಿ ಅವರು ನಿಲ್ಲುತ್ತಾರೆ. ಷಟ್‌ಸ್ಥಲದ ವಿವೇಚನೆ, ಸ್ಥಲಗಳ ಸೂಕ್ಷ್ಮ, ಬೆಡಗಿನ ಮಾತು, ಡಾಂಭಿಕರ ಕಟು ವಿಮರ್ಶೆ ಎಲ್ಲವೂ ಅವುಗಳಲ್ಲಿವೆ. ಸಂಪತ್ತು ಎಷ್ಟೇ ಇದ್ದರೂ ಮನುಷ್ಯನು ತನಗಾಗಿ ಉಣ್ಣುವುದು, ಬಳಸುವುದು ಅತ್ಯಲ್ಪವೆಂಬ ಅರಿವು ಅವರದೆಂದು ಪ್ರಸಿದ್ಧವಾದ ವಚನವೊಂದರ ತಿರುಳು. ಅರಮನೆಯನ್ನು ಕಂಡವರು ಆಡಿದ ಮಾತಾದ್ದರಿಂದ ಅದಕ್ಕೆ ಅನುಭವದ ತೂಕವಿದೆ. ಮಹಾದೇವಿಯವರ ಸುಮಾರು ೭೦ ವಚನಗಳು ಉಳಿದಿವೆ. ಪತಿಯ ಅಂಕಿತವನ್ನೇ ಒಳಗೊಂಡ ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ ಎಂಬುದು ಅವರ ಅಂಕಿತ.

ಪರಂಪರೆಯ ಕಥನದಂತೆ ಇವರು ಕಾಶ್ಮೀರದವರಾದರೆ, ಈ ವಚನಗಳೆಲ್ಲ ಬೆಳೆದ ಮೇಲೆ ಕಲಿತ ಭಾಷೆಯಲ್ಲಿ ಹುಟ್ಟಿದವು. ಅವರ ನಾಡಿನಲ್ಲಿ ಸಂಸ್ಕೃತವು ಶಾಸ್ತ್ರದ ಭಾಷೆಯಾಗಿತ್ತು. ತಮ್ಮ ಅನುಭಾವವನ್ನು ಅದರಲ್ಲಿ ಹೇಳಬಹುದಾಗಿತ್ತು. ಆದರೆ ಕಟ್ಟಿಗೆ ಕೊಳ್ಳುವವರಿಗೂ, ಅಂಬಲಿ ಉಣ್ಣುವವರಿಗೂ ತಿಳಿಯುವ ಕನ್ನಡವನ್ನೇ ಅವರು ಆರಿಸಿಕೊಂಡರು. ನೆರೆಯವರ ಭಾಷೆಯನ್ನು ವ್ಯವಹಾರಕ್ಕೆ ಬೇಕಾದಷ್ಟು ಕಲಿಯುವುದು ಒಂದು ಮಟ್ಟ. ಅದೇ ಭಾಷೆಯಲ್ಲಿ ತನ್ನ ದೇವರೊಡನೆ ಮಾತಾಡುವುದು ಇನ್ನೊಂದು ಮಟ್ಟ. ಮಾರಯ್ಯ ದಂಪತಿಗಳು ಆ ಎರಡನೆಯ ಮಟ್ಟವನ್ನು ಮುಟ್ಟಿದರು.

ಮತ್ತೊಂದು ಪಯಣದ ಬಯಕೆ

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ಮಾರಯ್ಯನವರ ಜೀವನದ ಅತ್ಯಂತ ಆಳವಾದ ಘಟ್ಟ ಇನ್ನು ಮುಂದೆ ಬರುತ್ತದೆ. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಮೋಳಿಗಯ್ಯಗಳ ಸಂಪಾದನೆಯೆಂದೇ ಒಂದು ಅಧ್ಯಾಯವಿದೆ. ಅಲ್ಲಿ ಮಾರಯ್ಯನವರಿಗೂ ಮಹಾದೇವಿಯವರಿಗೂ ನಡೆಯುವ ಸಂವಾದವು ಶರಣ ಸಾಹಿತ್ಯದ ಅಮೂಲ್ಯ ಭಾಗ.

ಕಾಯಕ ದಾಸೋಹಗಳಲ್ಲಿ ಪಳಗಿದ ಮಾರಯ್ಯನವರ ಮನಸ್ಸಿನಲ್ಲಿ ಲಿಂಗೈಕ್ಯದ ಬಯಕೆ ಮೂಡಿತು. ಈ ಲೋಕದ ನೆಲೆಯನ್ನು ಬಿಟ್ಟು ಕೈಲಾಸವನ್ನು ಸೇರಬೇಕೆಂಬ ಹಂಬಲ ಹುಟ್ಟಿತು. ಇದನ್ನು ಪತ್ನಿಯ ಮುಂದೆ ಹೇಳಿದಾಗ ಮಹಾದೇವಿಯವರು ಒಪ್ಪಲಿಲ್ಲ. ಅವರ ಮಾತಿನ ಸಾರವು ಹೀಗೆ. ಕರಸ್ಥಲದಲ್ಲಿ ಲಿಂಗವಿರುವವನಿಗೆ ಹೋಗಬೇಕಾದ ಕೈಲಾಸ ಬೇರೆಲ್ಲಿದೆ? ಅಲ್ಲಿ ಎಂಬುದೊಂದು, ಇಲ್ಲಿ ಎಂಬುದೊಂದು ಇದ್ದರೆ ಅರಿವು ಇನ್ನೂ ಎರಡಾಗಿಯೇ ಇದೆ. ಕೈಲಾಸವನ್ನು ಬಯಸುವುದೂ ಒಂದು ಆಸೆಯೇ. ಮಾಡಿದ ಭಕ್ತಿಗೆ ಫಲವನ್ನು ಎದುರುನೋಡುವುದು ಕೂಲಿಯನ್ನು ಎದುರುನೋಡಿದಂತೆ. ಇದ್ದಲ್ಲಿಯೇ ಇದ್ದು, ಅರಿವಿನಲ್ಲಿ ಕರಗುವುದೇ ಐಕ್ಯ.

ಮಾರಯ್ಯನವರು ಆ ಮಾತನ್ನು ಕೇಳಿದರು, ಒಪ್ಪಿದರು. ಒಂದು ಕಾಲಕ್ಕೆ ಅರಸರಾಗಿದ್ದವರು, ಪತಿಯೆಂಬ ಅಧಿಕಾರವನ್ನೂ ಬದಿಗಿಟ್ಟು, ಪತ್ನಿಯ ಅರಿವನ್ನು ಗುರುವಿನ ಮಾತೆಂಬಂತೆ ಸ್ವೀಕರಿಸಿದರು. ಆಯ್ದಕ್ಕಿ ಲಕ್ಕಮ್ಮನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಪತಿಯನ್ನು ತಿದ್ದಿದಂತೆಯೇ, ಮೋಳಿಗೆಯ ಮಹಾದೇವಿಯವರು ಅಗತ್ಯಕ್ಕಿಂತ ದೂರ ಹೋಗಬಯಸಿದ ಪತಿಯನ್ನು ತಿದ್ದಿದರು.

ಈ ಪ್ರಸಂಗವು ನೆಲೆಗೊಳ್ಳುವುದೆಂದರೇನೆಂಬ ಪ್ರಶ್ನೆಯ ಬೇರನ್ನೇ ಮುಟ್ಟುತ್ತದೆ. ಊರು ಬಿಟ್ಟು ಬಂದವನ ಮನಸ್ಸು ಬಹುಕಾಲ ಎರಡು ಕಡೆ ಹಂಚಿಹೋಗಿರುತ್ತದೆ. ಹಿಂದಿನ ಊರು ಎಳೆಯುತ್ತದೆ, ಇಲ್ಲವೆ ಮುಂದಿನ ಊರೊಂದು ಕರೆಯುತ್ತದೆ. ಮಾರಯ್ಯನವರು ಕಾಶ್ಮೀರದ ಸೆಳೆತವನ್ನು ಗೆದ್ದಿದ್ದರು. ಉಳಿದದ್ದು ಕೈಲಾಸದ ಕರೆ. ಅದೂ ನಿಂತಾಗ ಅವರು ನಿಂತ ನೆಲವೇ ಪೂರ್ಣವಾಯಿತು. ಕಲ್ಯಾಣಕ್ಕೆ ಬಂದದ್ದು ಅವರ ಕಾಲುಗಳ ಪಯಣ. ಇದ್ದಲ್ಲಿ ಇರಲು ಕಲಿತದ್ದು ಅವರ ಮನಸ್ಸಿನ ಪಯಣ. ಎರಡನೆಯದು ಮೊದಲನೆಯದಕ್ಕಿಂತ ದೀರ್ಘವಾಗಿತ್ತು. ಅದರ ಕೊನೆಯ ಹೆಜ್ಜೆಗೆ ದಾರಿ ತೋರಿದವರು ಜೊತೆಯಲ್ಲೇ ನಡೆದು ಬಂದಿದ್ದ ಮಹಾದೇವಿಯವರು.

ನಮ್ಮ ಕಾಲಕ್ಕೆ

ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಮೋಳಕೇರಾ ಗ್ರಾಮದಲ್ಲಿ ಮಾರಯ್ಯನವರದೆಂದು ಭಕ್ತರು ನಡೆದುಕೊಳ್ಳುವ ಗವಿಯಿದೆ. ಗ್ರಾಮದ ಹೆಸರಿನಲ್ಲೇ ಮೋಳಿಗೆಯ ನೆನಪಿದೆ. ದೂರದಿಂದ ಬಂದ ಒಬ್ಬ ಕಟ್ಟಿಗೆಯವನ ಹೆಸರನ್ನು ಈ ನೆಲವು ತನ್ನದಾಗಿ ಮಾಡಿಕೊಂಡಿದೆ.

ಇಂದು ನಮ್ಮ ಸಮಾಜದಲ್ಲಿ ನಡುವಯಸ್ಸಿನಲ್ಲಿ ಊರು ಬಿಟ್ಟು ಬಂದವರು ಕಡಿಮೆಯಿಲ್ಲ. ಹೊಲಮನೆ ಮಾರಿ ನಗರ ಸೇರಿದ ರೈತರಿದ್ದಾರೆ. ವರ್ಗಾವಣೆಯಾಗಿ ಬಂದ ನೌಕರರಿದ್ದಾರೆ. ನಿವೃತ್ತಿಯ ನಂತರ ಮಕ್ಕಳ ಮನೆಗೆಂದು ಬೆಂಗಳೂರು, ಪುಣೆ, ಪರದೇಶಗಳಿಗೆ ಹೋದ ತಂದೆತಾಯಿಗಳಿದ್ದಾರೆ. ಊರಿನಲ್ಲಿ ಗೌಡರೆಂದೋ, ಮಾಸ್ತರರೆಂದೋ, ಸಾಹೇಬರೆಂದೋ ಕರೆಸಿಕೊಂಡವರಿಗೆ ಹೊಸ ಬಡಾವಣೆಯಲ್ಲಿ ಹೆಸರು ಹಿಡಿದು ಕರೆಯುವವರೂ ಸಿಗುವುದಿಲ್ಲ. ಆ ಒಂಟಿತನ ಸಣ್ಣ ನೋವಲ್ಲ.

ಅಂಥವರಿಗೆ ಮಾರಯ್ಯನವರ ಜೀವನವು ಧೈರ್ಯ ಕೊಡುತ್ತದೆ. ಹಿಂದಿನ ಪದವಿಯನ್ನು ಹೇಳಿಕೊಂಡು ಗೌರವ ಪಡೆಯುವುದಕ್ಕಿಂತ ಇಂದು ಕೈಲಾದ ಕಾಯಕವೊಂದನ್ನು ಹಿಡಿಯುವುದು ಲೇಸು. ಯಾರಾದರೂ ಕರೆಯಲೆಂದು ಕಾಯುವುದಕ್ಕಿಂತ ಮನೆಯಲ್ಲಿದ್ದುದನ್ನೇ ನೆರೆಯವರೊಡನೆ ಹಂಚಿಕೊಳ್ಳುವುದು ಲೇಸು. ದಾಸೋಹಕ್ಕೆ ಭಂಡಾರ ಬೇಕಿಲ್ಲ, ಒಂದು ಬಟ್ಟಲು ಅಂಬಲಿ ಸಾಕು. ಸುತ್ತಲಿನವರ ಭಾಷೆಯನ್ನು ಯಾವ ವಯಸ್ಸಿನಲ್ಲಾದರೂ ಕಲಿಯಬಹುದು. ಜೊತೆಗೆ ಬಂದ ಬಾಳಸಂಗಾತಿಯ ಮಾತಿಗೆ ಕಿವಿಗೊಡಬೇಕು. ತಾನಿರುವ ನೆಲೆಯನ್ನು ತಾತ್ಕಾಲಿಕವೆಂದು ಭಾವಿಸದೆ, ಇದೇ ನನ್ನ ಕಲ್ಯಾಣವೆಂದು ಬಾಳಬೇಕು.

ಮೊದಲೇ ನೆಲೆಸಿದವರಾದ ನಮಗೂ ಇಲ್ಲಿ ಪಾಠವಿದೆ. ನಮ್ಮ ಮಠಕ್ಕೆ, ಓಣಿಗೆ, ಬಡಾವಣೆಗೆ ಹೊಸಬರು ಬಂದಾಗ ಅವರು ಯಾರು, ಎಷ್ಟಿದ್ದವರು ಎಂದು ಅಳೆಯುವ ಅಭ್ಯಾಸವನ್ನು ಬಿಡೋಣ. ಕಟ್ಟಿಗೆಯ ಹೊರೆಯ ಕೆಳಗೆ ಎಂಥ ಮಹಾನುಭಾವರಿರುವರೋ ಬಲ್ಲವರಾರು. ಪ್ರಸಾದದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಕಾಯಕವನ್ನು ಮಾಡುವಿರೆಂದು ಆದರದಿಂದ ಕೇಳೋಣ. ಬಸವಣ್ಣನವರಂತೆ, ಅವರ ಮನೆಯ ಅಂಬಲಿಯನ್ನು ಉಣ್ಣಲು ನಾವೇ ಹೋಗೋಣ.

ಶರಣ ಮೋಳಿಗೆಯ ಮಾರಯ್ಯನವರ, ಶರಣೆ ಮಹಾದೇವಿಯಮ್ಮನವರ ಕಾಯಕನಿಷ್ಠೆಯು ಎಲ್ಲ ಸದ್ಭಕ್ತರ ಮನೆ ಮನಗಳನ್ನು ಬೆಳಗಲಿ.